ನಡೆದದ್ದು ನಾನಲ್ಲ, ಆಡು

ನನ್ನ ಬಲಗಾಲಿನ ಎರಡು ಬೆರಳು ಹೋದದ್ದು ದೇವರಿಂದ ಅಲ್ಲ, ಡಾಕ್ಟರರಿಂದಲೂ ಅಲ್ಲ. ನಾನು ನಡೆಯಬೇಕಾಗಿತ್ತು, ನಡೆಯಲಿಲ್ಲ. ನನ್ನ ಬದಲು ನಮ್ಮ ಆಡು ನಡೆಯಿತು. ಅಷ್ಟೇ.

ನೋಡಲು ಬಂದವರು ಒಬ್ಬೊಬ್ಬರು ಒಂದೊಂದು ಕಾರಣ ಹೇಳಿ ಹೋಗುತ್ತಾರೆ. ಸಕ್ಕರೆ ಕಾಯಿಲೆ ಅನ್ನುತ್ತಾರೆ, ವಯಸ್ಸು ಅನ್ನುತ್ತಾರೆ, ಹಣೆಬರಹ ಅನ್ನುತ್ತಾರೆ. ಸಕ್ಕರೆ ಕಾಯಿಲೆ ಇದ್ದದ್ದು ಖರೆ. ಮದುವೆಯಾಗಿ ಬಂದಾಗಿನಿಂದ ಹಲ್ಲಿಗೆ ಮಿಶ್ರಿ ತಿಕ್ಕಿದ್ದೂ ಖರೆ. ಸುಟ್ಟ ತಂಬಾಕಿನ ಆ ಪುಡಿ ಇಲ್ಲದೆ ನನಗೆ ಬೆಳಗೇ ಆಗುತ್ತಿರಲಿಲ್ಲ. ಆದರೂ ನನಗೆ ಒಂದು ದಾರಿ ತೋರಿಸಿದ್ದರು. ಅದನ್ನು ಬಿಟ್ಟವಳು ನಾನು.

ಮೊದಲು ಗೊತ್ತಾದದ್ದು ನಮ್ಮೂರು ದಂಡೋತಿಯಲ್ಲಿ ಬಸ್ ನಿಲ್ಲುವ ಜಾಗಕ್ಕೆ ಹೋಗುವಾಗ. ನಮ್ಮ ಮನೆಯಿಂದ ಅಲ್ಲಿಗೆ ಹತ್ತು ನಿಮಿಷ. ಅರ್ಧ ದಾರಿಗೆ ಬಲಗಾಲಿನ ಮೀನಖಂಡ ಹಿಡಿಯಿತು. ಒದ್ದೆ ಸೀರೆ ಹಿಂಡಿದ ಹಾಗೆ. ನಿಂತೆ. ಸ್ವಲ್ಪ ಹೊತ್ತಿಗೆ ಹೋಯಿತು. ಮತ್ತೆ ನಡೆದೆ. ಮತ್ತೆ ಅಷ್ಟೇ ದೂರಕ್ಕೆ, ಅಳತೆ ಮಾಡಿದ ಹಾಗೆ, ಹಿಡಿಯಿತು. ವಾಯು ಅಂದುಕೊಂಡೆ. ಎಣ್ಣೆ ತಿಕ್ಕಿದೆ, ಇಟ್ಟಿಗೆ ಕಾಯಿಸಿ ಶಾಖ ಕೊಟ್ಟೆ. ಹೀಗೆ ಒಂದು ವರ್ಷ ಕಳೆಯಿತು. ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋಗುವಾಗ ನಾಲ್ಕು ಸಲ ನಿಂತೆ. ಬುತ್ತಿಯ ಬುಟ್ಟಿ ಹೊತ್ತು ಮುಂದೆ ಹೋಗುತ್ತಿದ್ದ ಸೊಸೆ ಮಹಾದೇವಿ ತಿರುಗಿ ನೋಡಿದಳು.

"ಅತ್ತಿ, ಇದು ವಾಯು ಅಲ್ಲ. ನಾಳಿಗಿ ಚಿತ್ತಾಪುರಕ್ಕ ಹೋಗೂಣ ನಡೀರಿ."

ಚಿತ್ತಾಪುರದ ಡಾಕ್ಟರು ನನ್ನ ಪಾದದ ಮೇಲೆ ಬೆರಳಿಟ್ಟು ಬಹಳ ಹೊತ್ತು ಒತ್ತಿ ನೋಡಿದರು. ಆ ಪಾದ, ಈ ಪಾದ, ಮತ್ತೆ ಆ ಪಾದ.

"ಆಯಿ, ಈ ಕಾಲಾಗ ನಾಡಿ ಸಿಗವಲ್ದು."

"ನಾಡಿ ಕೈಯಾಗ ಇರ್ತದಲ್ರಿ?"

"ಕಾಲಾಗೂ ಇರ್ತದ. ನಿಮ್ಮದು ಸಿಗವಲ್ದು."

ಅಲ್ಲಿಂದ ಕಲಬುರಗಿಯ ದೊಡ್ಡ ದವಾಖಾನೆ. ರಕ್ತ ಹರಿಯುವುದನ್ನು ನೋಡುವ ಡಾಪ್ಲರ್ ಸ್ಕ್ಯಾನ್ ಆಯಿತು. ಅಲ್ಲಿನ ಡಾಕ್ಟರು ಕಾಗದದ ಮೇಲೆ ಎರಡು ಗೆರೆ ಎಳೆದು, ನಡುವೆ ಪೆನ್ನಿನಿಂದ ತಿಕ್ಕಿ ತಿಕ್ಕಿ ಕಪ್ಪು ಮಾಡಿದರು. ತೊಡೆಯಲ್ಲಿನ ರಕ್ತನಾಳ ಹೀಗೆ ಕಟ್ಟಿಕೊಂಡಿದೆ ಅಂದರು. ಹೃದಯಕ್ಕೆ ಬರುವ ರೋಗವೇ ಕಾಲಿಗೆ ಬಂದಿದೆ, ನಾಳೆ ಹೃದಯಕ್ಕೂ ಬರಬಹುದು, ಮಿಶ್ರಿ ಇವತ್ತೇ ಬಿಡಿ, ಅಂದರು.

"ಬಿಡಲಿಲ್ಲಂದ್ರ?"

"ಕಾಲು ಹೋಗ್ತದ ಅಮ್ಮಾ."

ಮಿಶ್ರಿ ಬಿಟ್ಟೆ. ಒಂದು ಹುಣ್ಣಿಮೆಯಿಂದ ಇನ್ನೊಂದು ಹುಣ್ಣಿಮೆಯವರೆಗೆ ಮನೆಯಲ್ಲಿ ಎಲ್ಲರ ಮೇಲೂ ಹರಿಹಾಯ್ದೆ, ಆದರೆ ಬಿಟ್ಟೆ. ಕಷ್ಟದ ಕೆಲಸ ಮಾಡಿದೆ. ಸುಲಭದ್ದನ್ನೇ ಮಾಡಲಿಲ್ಲ.

ಆ ದವಾಖಾನೆಯಲ್ಲಿ ನನ್ನಂಥ ಕಾಲಿನವರ ಮೇಲೆ ಒಂದು ಸಂಶೋಧನೆ ನಡೆದಿತ್ತು. ಅದರ ಕೆಲಸಕ್ಕೆ ಇದ್ದವಳು ರೇಣುಕಾ, ಸೇಡಂ ಕಡೆಯ ಹುಡುಗಿ. ಸಣ್ಣ ದನಿ, ದೊಡ್ಡ ಚೀಲ. ಒಂದು ತಾಸು ನನ್ನ ಪಕ್ಕದಲ್ಲಿ ಕುಳಿತು ಕಾಗದ ಓದಿ ಹೇಳಿದಳು.

"ಗುಳಿಗಿ ಎಲ್ಲಾರಿಗೂ ಕೊಡ್ತೀವ್ರಿ ಆಯಿ. ಅರ್ಧ ಮಂದಿಗಿ ಗುಳಿಗಿ ಜತಿ ನಡೀಲಿಕ್ಕೂ ಕಲಿಸ್ತೀವಿ. ಯಾರು ಯಾವ ಗುಂಪು ಅಂತ ನಾವ್ ಆರಿಸಂಗಿಲ್ಲ. ಕಂಪ್ಯೂಟರ್ ಚೀಟಿ ಎತ್ತತದ."

"ನಡೀಲಿಕ್ಕ ಕಲಿಸ್ತೀರಾ? ನನಗಾ? ನಮ್ಮವ್ವ ಆಗಲೇ ಕಲಿಸ್ಯಾಳವ್ವ."

ಅವಳು ನಕ್ಕಳು. ಆಮೇಲೆ ಬಿಡಿಸಿ ಹೇಳಿದಳು. ನೋವು ಬರುವ ತನಕ ನಡೆಯಬೇಕು. ಬಂದ ಮೇಲೂ ಸ್ವಲ್ಪ ನಡೆಯಬೇಕು. ಆಮೇಲೆ ನಿಲ್ಲಬೇಕು. ನೋವು ಹೋದ ಮೇಲೆ ಮತ್ತೆ ನಡೆಯಬೇಕು. ದಿನಕ್ಕೆ ಅರ್ಧ ತಾಸು. ಹಾಗೆ ಮಾಡಿದರೆ ಕಟ್ಟಿಕೊಂಡ ನಾಳದ ಪಕ್ಕದ ಸಣ್ಣ ನಾಳಗಳು ದೊಡ್ಡವಾಗಿ ಬೇರೆ ದಾರಿ ಮಾಡಿಕೊಳ್ಳುತ್ತವೆ, ನಮ್ಮ ಹಳ್ಳಿಗಳ ಮಂದಿಗೆ ಮನೆಯಲ್ಲೇ ಇದನ್ನು ಮಾಡಿಸಿದರೆ ಎಷ್ಟು ಉಪಯೋಗ ಅಂತ ನೋಡುತ್ತಿದ್ದೇವೆ ಅಂದಳು. ಬೇಡವಾದರೆ ಯಾವಾಗ ಬೇಕಾದರೂ ಬಿಡಬಹುದು, ಬಿಟ್ಟರೂ ನಿಮ್ಮ ಚಿಕಿತ್ಸೆ ನಿಲ್ಲುವುದಿಲ್ಲ ಅಂತಲೂ ಹೇಳಿದಳು. ಆ ಮಾತು ನನಗೆ ಚೆನ್ನಾಗಿ ಕೇಳಿಸಿತ್ತು. ಕೇಳಿಸಲಿಲ್ಲ ಅಂತ ಈಗ ಹೇಳಿದರೆ ಅದು ಇನ್ನೊಂದು ಸುಳ್ಳು.

ನಾನು ಮೂರನೆಯ ಇಯತ್ತೆಯವರೆಗೆ ಓದಿದವಳು. ಹೆಬ್ಬೆಟ್ಟು ಒತ್ತಲಿಲ್ಲ. ನಾಗಮ್ಮ ಅಂತ ಬರೆದೆ. ಚೀಟಿ ನಡೆಯುವ ಗುಂಪಿಗೆ ಬಂತು.

ತಿಂಗಳಿಗೊಮ್ಮೆ ಒಂದು ವಾರ ಹಗಲೆಲ್ಲ ಕಾಲಿಗೆ ಕರಿ ಪಟ್ಟಿ ಕಟ್ಟಿಕೊಳ್ಳಬೇಕು. ಅದರಲ್ಲಿ ಗುಂಡಿಯಷ್ಟು ಒಂದು ಯಂತ್ರ. ಅದು ಹೆಜ್ಜೆ ಎಣಿಸುತ್ತದೆ. ವಾರ ಮುಗಿದ ಮೇಲೆ ರೇಣುಕಾ ಬಂದು ಒಯ್ಯುತ್ತಾಳೆ.

ಮೊದಲ ದಿನ ಬೆಳಿಗ್ಗೆ ಮನೆಯಿಂದ ಹೊರಟೆ. ಕೈಯಲ್ಲಿ ಏನೂ ಇಲ್ಲ. ತಲೆಯ ಮೇಲೆ ಏನೂ ಇಲ್ಲ. ಜನ್ಮದಲ್ಲಿ ಹಾಗೆ ಹೊರಟವಳಲ್ಲ ನಾನು. ಹೊಳೆಗೆ ಹೋದರೆ ಬಟ್ಟೆ, ಹೊಲಕ್ಕೆ ಹೋದರೆ ಕಳೆ ತೆಗೆಯುವ ಕುರ್ಚಿಗಿ, ಬಾವಿಗೆ ಹೋದರೆ ಕೊಡ. ನೆಗೆಣ್ಣಿ ಶರಣಮ್ಮ, ಅಂದರೆ ನನ್ನ ಮೈದುನನ ಹೆಂಡತಿ, ತನ್ನ ಮನೆಯ ಕಟ್ಟೆಯ ಮೇಲೆ ತೊಗರಿ ಆರಿಸುತ್ತ ಕುಳಿತಿದ್ದಳು.

"ಎಲ್ಲಿಗಿ ಹೊಂಟೀ ಅಕ್ಕಾ?"

"ಎಲ್ಲಿಗಿಲ್ಲ. ನಡೀಲಿಕತ್ತೀನಿ."

"ಎಲ್ಲಿಗಿಲ್ಲಂದ್ರ ಮತ್ತ ಯಾಕ ನಡೀಲಿಕತ್ತೀ?"

"ಡಾಕ್ಟರ್ ಹೇಳ್ಯಾರ."

"ಊರ ಅಗಸಿ ಬಾಗಲಾ ಮುಟ್ಟಿ ವಾಪಸ್ ಬಾ ಅಂತ ಹೇಳ್ಯಾರಾ? ಏ ಅಕ್ಕಾ, ಹೊಂಟೀ ಹೌದು, ಬರುವಾಗ ನನ್ನ ಬದಲಿನೂ ನಾಕು ಹೆಜ್ಜಿ ನಡದು ಬಾ!"

ಕಟ್ಟೆಯ ಮೇಲಿದ್ದ ಹೆಂಗಸರೆಲ್ಲ ನಕ್ಕರು. ನಾನೂ ನಕ್ಕೆ. ಮರುದಿನ ಖಾಲಿ ಕೊಡ ಹಿಡಿದು ಹೋದೆ. ಮನೆಯಲ್ಲಿ ನಳ ಇರುವವಳು ಕೊಡ ಹಿಡಿದು ಎಲ್ಲಿಗೆ ಹೊರಟಳು ಅಂತ ಅದಕ್ಕೂ ನಕ್ಕರು. ಮೂರನೆಯ ದಿನ ಮೀನಖಂಡ ಹಿಡಿದು ಗೋಡೆಗೆ ಆತು ನಿಂತಿದ್ದೆ. ಯಾರೋ ಬಂದು, ಪಾಪ, ಮನೆಯಲ್ಲಿ ಸೊಸೆ ಜಗಳ ಮಾಡಿದಳೇನು ಅಂತ ಕೇಳಿದರು. ಸೊಸೆಗೆ ಕೆಟ್ಟ ಹೆಸರು ಬರುವ ಹಾಗಾಯಿತು. ಐದನೆಯ ದಿನ ಹೋಗಲಿಲ್ಲ.

ಜನ ನಗುವುದು ಅಂಥ ದೊಡ್ಡ ವಿಷಯವೇನೂ ಅಲ್ಲ. ಅರವತ್ತೆಂಟು ವರ್ಷದಲ್ಲಿ ಇದಕ್ಕಿಂತ ದೊಡ್ಡ ಮಾತುಗಳನ್ನು ಕೇಳಿ ದಾಟಿದ್ದೇನೆ. ಆದರೆ ಆ ಮಾತುಗಳು ಬಂದಾಗ ನನ್ನ ಕೈಯಲ್ಲಿ ಕೆಲಸ ಇತ್ತು, ಅದರ ಕಡೆ ನೋಡುತ್ತ ಹೋಗಿಬಿಡುತ್ತಿದ್ದೆ. ಬರಿಗೈಯಲ್ಲಿ ಬೀದಿಯಲ್ಲಿ ಓಡಾಡುವುದಕ್ಕೆ ನನ್ನ ಹತ್ತಿರ ಮುಖ ಇರಲಿಲ್ಲ. ನಡೆಯುವುದಿಲ್ಲವ್ವ ಅಂತ ರೇಣುಕಾಗೆ ಹೇಳುವುದಕ್ಕೂ ಮುಖ ಇರಲಿಲ್ಲ. ಅವಳು ಎರಡು ಬಸ್ ಬದಲಿಸಿ ನನ್ನ ಮನೆಗೆ ಬರುತ್ತಿದ್ದಳು. ಆಯಿ ಅನ್ನುತ್ತಿದ್ದಳು. ನಮ್ಮ ರೊಟ್ಟಿ ತಿನ್ನುತ್ತಿದ್ದಳು. ಆ ಮುಲಾಜು ನನ್ನ ಬಾಯಿ ಕಟ್ಟಿತು.

ಪಟ್ಟಿ ಹಾಗೇ ಇತ್ತು. ಹೆಜ್ಜೆ ಎಣಿಸುವ ವಾರ ಶುರುವಾಗಿತ್ತು. ಅಂಗಳದಲ್ಲಿ ಆಡು ಅರಚಿತು.

ಅದರ ಮುಂಗಾಲಿಗೆ ಕಟ್ಟಿದೆ.

ಊರಿನ ಆಡು ಕಾಯುವ ಮಲ್ಲಣ್ಣ ಹಿಂಡು ಹೊಡೆದುಕೊಂಡು ಬಂದವನು ಅದನ್ನು ನೋಡಿದ. "ಇದೇನ್ರಿ ಆಯಿ, ಆಡಿಗಿ ಕಾಲ್ಗೆಜ್ಜಿ?"

"ದೃಷ್ಟಿ ಆಗಬಾರದಂತ ಕರೀದು ಕಟ್ಟೀನಿ. ಸಂಜಿಗಿ ಬಿಚ್ಚತೀನಿ."

"ನನಗೂ ಒಂದು ಕಟ್ರಲ್ಲ, ಹಿಂಡಿನಾಗ ಎಲ್ಲಾರಕಿಂತ ಚಂದ ನಾನೇ ಇದೀನಿ."

ಹೀಗೆ ಮೂರು ತಿಂಗಳು. ಪ್ರತಿ ತಿಂಗಳ ಆ ವಾರ ಆಡು ಕಾಗಿಣಾ ಹೊಳೆಯ ದಂಡೆಯಲ್ಲೆಲ್ಲ ನನ್ನ ಹೆಜ್ಜೆ ನಡೆದು ಬರುತ್ತಿತ್ತು. ನಾನು ಕಾಲು ಚಾಚಿ ಕುಳಿತು ಸೊಪ್ಪು ಸೋಸುತ್ತಿದ್ದೆ. ಮಹಾದೇವಿ ಬೆಳಿಗ್ಗೆಯೇ ಹೊಲಕ್ಕೆ ಹೋಗುತ್ತಿದ್ದಳು, ಅವಳಿಗೂ ಗೊತ್ತಾಗಲಿಲ್ಲ.

ಲೆಕ್ಕ ನೋಡಿದ ರೇಣುಕಾಗೆ ಹಿಡಿಸಲಾರದಷ್ಟು ಸಂತೋಷ. "ಆಯಿ, ನೀವು ನನಕಿಂತ ಜಾಸ್ತಿ ನಡೀತೀರಿ! ಡಾಕ್ಟರಿಗಿ ತೋರಸ್ತೀನಿ."

ದವಾಖಾನೆಯಲ್ಲಿ ಆರು ನಿಮಿಷ ನಡೆಸಿ ನೋಡಿದರು. ಉದ್ದ ಕಾರಿಡಾರ್, ಈ ತುದಿಯಿಂದ ಆ ತುದಿಗೆ. ಕಾಲು ಸುಡುತ್ತಿತ್ತು. ಹಲ್ಲು ಕಚ್ಚಿ ನಡೆದೆ. ನೋವು ಬಂತಾ ಅಂತ ಕೇಳಿದರು. ಇಲ್ಲ ಅಂದೆ. ಡಾಕ್ಟರು ಕಾಗದ ತಿರುವಿ ಹಾಕಿ ಹೇಳಿದರು: "ಕಟ್ಟಿದ ನಾಳದಾಗ ಬಲೂನ್ ಹಾಕಿ ತೆರೀಬೇಕು ಅಂದ್ಕೊಂಡಿದ್ದೆ. ಇಷ್ಟು ನಡಿಯೂವರಿಗಿ ಈಗ ಅವಸರ ಇಲ್ಲ. ಮೂರು ತಿಂಗಳು ಬಿಟ್ಟು ನೋಡೂಣ."

ಆಗ ಹೇಳಬಹುದಿತ್ತು. ಬಾಯಿ ತೆರೆದಿದ್ದೂ ಉಂಟು. ರೇಣುಕಾ ನನ್ನ ಬೆನ್ನು ಸವರುತ್ತ ನಿಂತಿದ್ದಳು. ಮುಚ್ಚಿಕೊಂಡೆ.

ಎರಡು ತಿಂಗಳಿಗೆ ಚಪ್ಪಲಿಯ ಪಟ್ಟಿ ತಿಕ್ಕಿ ಕಿರುಬೆರಳ ಹತ್ತಿರ ಗಾಯವಾಯಿತು. ಜೋಳದ ಕಾಳಿನಷ್ಟು. ಸಕ್ಕರೆ ಕಾಯಿಲೆಯವರಿಗೆ ಪಾದದಲ್ಲಿ ನೋವು ತಿಳಿಯುವುದಿಲ್ಲ. ಅರಿಶಿನ ಹಚ್ಚಿದೆ. ಮಾಯಲಿಲ್ಲ. ಒಂದು ದಿನ ಕಾಲು ತೊಳೆಯುವಾಗ ಮಹಾದೇವಿ ಕೂಗಿದಳು.

ಬೆರಳು ಕಪ್ಪಾಗಿತ್ತು.

ಕಲಬುರಗಿಯಲ್ಲಿ ಗ್ಯಾಂಗ್ರಿನ್ ಅಂದರು, ಬೆರಳು ಸತ್ತಿದೆ ಅಂದರು. ರಕ್ತ ಬರುತ್ತಿಲ್ಲ ಅಂದರು. ಅವತ್ತೇ ಬಲೂನ್ ಹಾಕಿ ನಾಳ ತೆರೆದರು, ಪಾದ ಉಳಿಯಿತು. ಕಿರುಬೆರಳನ್ನೂ ಅದರ ಪಕ್ಕದ್ದನ್ನೂ ತೆಗೆದರು. ಬ್ಯಾಂಡೇಜು ಬಿಚ್ಚಿ ಕಟ್ಟುವಾಗ ನೋಡಬೇಡಿ ಅಂದರು. ನೋಡಿದೆ. ನನ್ನ ಕಾಲು ನಾನಲ್ಲದೆ ಯಾರು ನೋಡಬೇಕು? ಕೊಯ್ದ ಜಾಗ ಹಸಿ ಮಾಂಸ. ಅಳು ಬರಲಿಲ್ಲ. ಕಾಲಿಗೆ ಉಂಗುರ ಹಾಕುವ ಬೆರಳು ಉಳಿಯಿತಲ್ಲ ಅಂತ ಏನೇನೋ ಯೋಚನೆ ಬಂತು. ಗಂಡ ತೀರಿ ಹೋಗಿ ಆರು ವರ್ಷ, ಉಂಗುರ ಎಲ್ಲಿಂದ ಬಂತು.

ಎಂಟನೆಯ ದಿನ ಮಧ್ಯಾಹ್ನ ರೇಣುಕಾ ಹಾಸಿಗೆಯ ಹತ್ತಿರ ಒಂದು ಫಾರ್ಮು ಹಿಡಿದು ಕುಳಿತಳು. ಕಣ್ಣು ಕೆಂಪಾಗಿದ್ದವು. ಸಂಶೋಧನೆಯಲ್ಲಿ ಇದ್ದವರಿಗೆ ಏನಾದರೂ ದೊಡ್ಡದು ಆದರೆ ಮೇಲಿನವರಿಗೆ ಬರೆದು ಕಳಿಸಬೇಕಂತೆ. ಯಾತರಿಂದ ಆಯಿತು ಅಂತಲೂ ಬರೆಯಬೇಕಂತೆ.

"ಏನಂತ ಬರದಿ?" ಅಂದೆ.

"ನಡಿಗಿಯಿಂದ ಆಗಿರಬಹುದು ಅಂತ ಬರದೀನ್ರಿ. ನಿಮಗ ಅಷ್ಟು ನಡಸಬಾರದಿತ್ತು ನಾ. ಚಪ್ಪಲಿ ನೋಡಬೇಕಿತ್ತು. ತಪ್ಪು ನಂದೇ, ಆಯಿ."

"ಹಂಗ ಬರದ್ರ ಏನಾಗ್ತದ?"

"ಉಳಿದವರಿಗೂ ನಡೀಬ್ಯಾಡ್ರಿ ಅಂತ ಹೇಳಬೇಕಾಗಬಹುದು. ಮೇಲಿನವರು ನೋಡ್ತಾರ."

ಉಳಿದವರು ಅಂದರೆ ನನಗೆ ಒಬ್ಬಳೇ ಗೊತ್ತು. ಚಿಂಚೋಳಿ ಕಡೆಯ ಐನಾಪುರದಿಂದ ಬರುತ್ತಿದ್ದ ಹೆಂಗಸು, ನನ್ನ ವಯಸ್ಸಿನವಳು. ಮೊದಲ ಸಲ ಕಾರಿಡಾರಿನಲ್ಲಿ ನನಗಿಂತ ಮೊದಲೇ ಕುಳಿತುಬಿಟ್ಟಿದ್ದಳು. ಹೋದ ಸಲ ಆರು ನಿಮಿಷ ನಿಲ್ಲದೆ ನಡೆದಳು. ಈಗ ಹೊಲದ ತನಕ ಹೋಗ್ತೀನವ್ವ, ಅಂದಿದ್ದಳು. ಅವಳನ್ನೂ ಕಂಡು ಊರವರು ನಕ್ಕಿರಬೇಕು. ಅವಳು ನಡೆದಳು. ನಾನು ಮಾಡಿದ್ದಕ್ಕೆ ಅವಳನ್ನು ನಡೆಯಬೇಡ ಅಂತ ಮನೆಯಲ್ಲಿ ಕೂರಿಸುತ್ತಾರೆ.

"ಆ ಕಾಗದ ಹರಿ," ಅಂದೆ. "ಡಾಕ್ಟರಿಗಿ ಕರಿ."

ಡಾಕ್ಟರು ಬಂದರು. ಮಹಾದೇವಿ ನೀರಿನ ಬಾಟಲಿ ಹಿಡಿದು ನಿಂತಿದ್ದಳು. ಸುತ್ತು ಬಳಸಿ ಹೇಳುವುದು ನನಗೆ ಬರುವುದಿಲ್ಲ.

"ನಾ ನಾಕೇ ದಿನ ನಡದೀನ್ರಿ. ಆ ಹೆಜ್ಜಿ ಎಲ್ಲಾ ನಮ್ಮ ಆಡಿಂದು. ಪಟ್ಟಿ ಅದರ ಕಾಲಿಗಿ ಕಟ್ಟಿದ್ದೆ."

ಮಹಾದೇವಿ "ಅತ್ತಿ!" ಅಂದು ಸೆರಗು ಬಾಯಿಗೆ ಒತ್ತಿಕೊಂಡಳು. ಪಕ್ಕದ ಹಾಸಿಗೆಯವಳು ಫಕ್ಕನೆ ನಕ್ಕಳು. ರೇಣುಕಾ ನಗಲಿಲ್ಲ. ನಕ್ಕಿದ್ದರೆ ಚಲೋ ಇತ್ತು.

"ಮೂರು ತಿಂಗಳು ನಾ ಆಡಿನ ಹೆಜ್ಜಿ ಎಣಿಸಿದೆನಾ?" ಅಂದಳು. ಆಯಿ ಅನ್ನಲಿಲ್ಲ.

ಡಾಕ್ಟರು ಸ್ಟೂಲ್ ಎಳೆದು ಕುಳಿತರು. ಬಲೂನ್ ಮುಂದಕ್ಕೆ ಹಾಕಿದ್ದು ಆ ಲೆಕ್ಕ ನೋಡಿಯೇ ಅಂದರು. ನಡೆದಿದ್ದರೆ ಬೆರಳು ಉಳಿಯುತ್ತಿದ್ದವಾ ಅಂತ ಕೇಳಿದೆ. ಅದನ್ನು ಹೇಳಲಿಕ್ಕೆ ಆಗುವುದಿಲ್ಲ ಅಂದರು. ಅವರಿಗೆ ಆಗುವುದಿಲ್ಲ. ನನಗೆ ಆಗುತ್ತದೆ.

"ನನ್ನ ಹೆಸರು ತಗದು ಹಾಕ್ರಿ," ಅಂದೆ.

"ತಗೀಲಿಕ್ಕ ಬರಂಗಿಲ್ಲ ಅಮ್ಮಾ. ಚೀಟಿ ನಡಿಯೂ ಗುಂಪಿಗಿ ಬಂದದ, ನಡೀಲಿಲ್ಲಂದ್ರೂ ನೀವು ಅದೇ ಗುಂಪು. ಸುಳ್ಳು ಲೆಕ್ಕ ಸುಳ್ಳು ಅಂತ ಬರೀತೀವಿ. ಯಾಕ ನಡೀಲಿಲ್ಲ ಅನ್ನೂದೂ ನಮಗ ಬೇಕು. ಅದು ಖರೇ ಹೇಳ್ರಿ."

ರೇಣುಕಾ ಹೊಸ ಫಾರ್ಮು ತೆಗೆದಳು. "ಹೇಳ್ರಿ."

"ನಾಚಿಕಿ ಆತು."

"ನೋವಿಗಿ ಅಲ್ಲ?"

"ನೋವು ತಡಕೋತಿದ್ದೆ. ಬರಿಗೈಲೆ ನಡೀಲಿಕ್ಕ ನಾಚಿಕಿ ಆತು."

ಅದನ್ನು ಹಾಗೇ ಬರೆದುಕೊಂಡಳು. ಹೋಗುವಾಗ ತಿರುಗಿ ನೋಡಲಿಲ್ಲ. ಆಮೇಲೆ ಅವಳು ಮನೆಗೆ ಬಂದಿಲ್ಲ, ಫೋನಿನಲ್ಲಿ ಮಾತ್ರ ವಿಚಾರಿಸುತ್ತಾಳೆ. ಐನಾಪುರದವಳು ಇನ್ನೂ ನಡೆಯುತ್ತಿದ್ದಾಳೆ ಅಂತ ಅವಳೇ ಹೇಳಿದಳು. ಅಷ್ಟು ಹೇಳಿದ್ದೇ ದೊಡ್ಡದು.

ನಾನು ಖರೆ ಹೇಳಿದ ಮರುದಿನ ಬೆಳಿಗ್ಗೆ ಹಿಮ್ಮಡದ ಮೇಲೆ ಭಾರ ಹಾಕಿ ವಾರ್ಡಿನ ಬಾಗಿಲ ತನಕ ನಡೆಯಬಹುದು ಅಂದರು. ವಾಕರ್ ತಂದು ಮುಂದಿಟ್ಟರು. ಎಡಗಾಲು ಇಳಿಸಿದೆ. ಬಲಗಾಲು ಇಳಿಸಿದೆ. ಆ ಕಡೆ ಈ ಕಡೆ ಹಾಸಿಗೆಗಳ ಮಂದಿ ನೋಡುತ್ತಿದ್ದರು. ನೋಡಲಿ. ಬಾಗಿಲು ಮುಟ್ಟುವ ಹೊತ್ತಿಗೆ ಬೆವರು ಇಳಿದಿತ್ತು. ದಿನದ ಹೆಜ್ಜೆ ಬರೆಯಲು ರೇಣುಕಾ ಬಿಟ್ಟು ಹೋಗಿದ್ದ ಹಾಳೆ, ಪೆನ್ನು ಹಿಡಿದು ಮಹಾದೇವಿ ನಿಂತಿದ್ದಳು.

"ಹನ್ನೆರಡು ಹೆಜ್ಜಿ ಆದ್ವು ಅತ್ತಿ," ಅಂದಳು.

"ಹನ್ನೊಂದು. ಕಡೀದು ನಾ ಜಾರಿದ್ದು."

"ಇರಲಿ ಬಿಡ್ರಿ, ಒಂದು ಹೆಜ್ಜಿ."

ಹಾಳೆಯನ್ನು ಅವಳ ಕೈಯಿಂದ ತೆಗೆದುಕೊಂಡು ಬಾಗಿಲಿಗೆ ಒತ್ತಿ ಹಿಡಿದು ನಾನೇ ಬರೆದೆ. ಹನ್ನೊಂದು.