ಅಕ್ಕ ಹಾಕಿಸಿದ ನೆಲ

ನಡುಮನೆಯ ಮೊದಲ ಟೈಲ್ಸ್‌ಗೆ ಗಾರೆಯವನು ಉಳಿ ಇಟ್ಟು ಸುತ್ತಿಗೆಯಲ್ಲಿ ಹೊಡೆದ. ಬಿಳಿ ಧೂಳು ಎದ್ದಿತು. ಸೆರಗು ಮೂಗಿಗೆ ಹಿಡಿಯೋಕೆ ಹೋದವಳು ಹಾಗೇ ನಿಂತುಬಿಟ್ಟೆ. ಸುಟ್ಟ ಮಣ್ಣಿನ ಆ ವಾಸನೆ ನನಗೆ ಹೊಸದಲ್ಲ. ಕೆಲಸ ಮುಗಿಸಿ ಬಂದ ನನ್ನ ವಾರಗಿತ್ತಿಯ ನೀಲಿ ಕೋಟಿನಿಂದ ದಿನಾ ಬರುತ್ತಿದ್ದದ್ದು ಇದೇ ವಾಸನೆ...

ಅವಳು ನಮ್ಮ ಯಜಮಾನರ ಅಣ್ಣನ ಹೆಂಡತಿ. ನಾನು ಅಕ್ಕ ಅಂತಿದ್ದೆ. ನಾನು ಸೊಸೆಯಾಗಿ ಬೈರಾಪಟ್ಟಣಕ್ಕೆ ಬರುವ ಮೊದಲೇ ಭಾವ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ತವರಿನವರು ಕರೆದರೂ ಅವಳು ಹೋಗಲಿಲ್ಲ. ಬಿಡದಿ ಕಡೆ ಒಂದೊಂದೇ ಫ್ಯಾಕ್ಟರಿ ಏಳುತ್ತಿದ್ದ ಕಾಲ ಅದು. ಅಲ್ಲೊಂದು ಟೈಲ್ಸ್ ಫ್ಯಾಕ್ಟರೀಲಿ ಹೆಂಗಸರನ್ನೂ ತಗೋತಾರಂತೆ ಅಂತ ಯಾರೋ ಅಂದಿದ್ದೇ ತಡ, ಕೋಳಿ ಕೂಗೋ ಹೊತ್ತಿಗೆ ಮೈಸೂರು ರಸ್ತೆವರೆಗೂ ನಡೆದು ವ್ಯಾನ್ ಹತ್ತಿಬಿಟ್ಟಳು. ನಮ್ಮೂರಿಂದ ಹಾಗೆ ಹೋದ ಮೊದಲ ಹೆಂಗಸು ಅವಳೇ. ಊರ ಬಾಯಿಗೆ ಬೀಗ ಹಾಕೋಕಾಗುತ್ತಾ? ಏನೇನೋ ಆಡಿಕೊಂಡರು. ಇವಳು ಕಿವಿಗೇ ಹಾಕಿಕೊಳ್ಳಲಿಲ್ಲ.

ಅಲ್ಲಿ ಅವಳ ಕೆಲಸ ಟೈಲ್ಸ್ ಕುಟ್ಟಿ ನೋಡುವುದು. ಬೆರಳ ಗೆಣ್ಣಿನಿಂದ ಹೊಡೆದರೆ ಒಳ್ಳೆಯದು ಟಣ್ ಅನ್ನುತ್ತೆ, ಒಳಗೆ ಬಿರುಕಿದ್ದರೆ ಸದ್ದು ಮಂಕು. ಅದು ಆಮೇಲೆ ಚಟವೇ ಆಗಿಹೋಯಿತು. ಬೀಗರ ಮನೆಗೆ ಹೋದರೂ ಊಟಕ್ಕೆ ಕೂತಲ್ಲೇ ನೆಲ ಕುಟ್ಟೋಳು. ಮರ್ಯಾದೆ ತೆಗೀಬೇಡ ಅಂತ ನಾನು ಮೊಣಕೈಲಿ ತಿವಿಯುತ್ತಿದ್ದೆ.

ನಾವು ಹೊಸ ಮನೆ ಕಟ್ಟಿಸಿದಾಗ ಮಾವ ಸಿಮೆಂಟ್ ನೆಲ ಸಾಕು ಅಂದಿದ್ದರು. ಅಕ್ಕ ಕೇಳಬೇಕಲ್ಲ. ಬಣ್ಣ ಒಸಿ ಹೆಚ್ಚುಕಮ್ಮಿಯಾದ ಟೈಲ್ಸನ್ನು ಫ್ಯಾಕ್ಟರಿಯವರು 'ಸೆಕೆಂಡ್ಸ್' ಅಂತ ಪಕ್ಕಕ್ಕಿಡುತ್ತಿದ್ದರು. ಅದನ್ನೇ ತನ್ನ ಸಂಬಳದಲ್ಲಿ ಟೆಂಪೋ ತುಂಬಿಸಿ ತಂದಳು. ಒಂದರ ಬಣ್ಣ ಇನ್ನೊಂದಕ್ಕಿಲ್ಲ. ಕೆಲಸವಿಲ್ಲದ ಭಾನುವಾರ ಅಷ್ಟನ್ನೂ ರಾಗಿ ಕಣದಲ್ಲಿ ಹರಡಿ, ಮಧ್ಯಕ್ಕೆ ಕಂದು, ಸುತ್ತ ಕೆನೆಬಣ್ಣ, ಅಂಚಿಗೆ ಹಸಿರು ಅಂತ ಜೋಡಿಸಿದಳು. ಗಾರೆಯವನು ಅದನ್ನು ನೋಡಿಕೊಂಡೇ ಒಳಗೆ ಹಾಕಿದ. ನಗೋಕೆ ಬಂದವರು ನಮ್ಮನೆಗೂ ಜೋಡಿಸಿಕೊಡು ಅಂತ ಕೇಳಿ ಹೋದರು.

ಗೃಹಪ್ರವೇಶದ ಹಿಂದಿನ ದಿನ ಮಾವನ ಅಕ್ಕ, ನಮ್ಮ ದೊಡ್ಡತ್ತೆ, ಮುತ್ತೈದೆಯಾದ ಕಿರಿಸೊಸೆ, ಅಂದರೆ ನಾನು, ಹಾಲು ಉಕ್ಕಿಸಬೇಕು ಅಂತ ತೀರ್ಮಾನ ಮಾಡಿದರು. ಗಂಡ ಸತ್ತವಳು ಆ ಹೊತ್ತಿಗೆ ಎದುರಿಗೆ ಬರದೇ ಇದ್ದರೆ ಒಳ್ಳೆಯದು ಅಂತಲೂ ಸೇರಿಸಿದರು. ಅಕ್ಕ ಬಾಗಿಲ ಹಿಂದೆಯೇ ಇದ್ದಳು. ಬೆಳಿಗ್ಗೆ ನೋಡಿದರೆ ನೀಲಿ ಕೋಟು ಹಾಕಿಕೊಂಡು ಹೊರಟಿದ್ದಾಳೆ. ರಜೆ ಕೊಡಲಿಲ್ಲ ಕಣೆ, ನೀನೇ ಉಕ್ಸು ಅಂದಳು. ರಜೆ ಸಿಕ್ಕಿದ್ದು ನನಗೆ ಗೊತ್ತಿತ್ತು. ಸೀದಾ ಮಾವನ ಹತ್ತಿರ ಹೋಗಿ ಎಲ್ಲ ಹೇಳಿದೆ.

ಮಧ್ಯಾಹ್ನದ ಲಗ್ನ. ಮಾವ ಹೊಸ ಬಾಗಿಲಿಗೆ ಅಡ್ಡ ಕುರ್ಚಿ ಹಾಕಿಕೊಂಡು ಕೂತುಬಿಟ್ಟರು. ಗಳಿಗೆ ಮೀರುತ್ತೆ ಅಂತ ಪುರೋಹಿತರು ಚಡಪಡಿಸಿದರೆ, ಮೀರ್ಲಿ ಬುಡಿ ಸ್ವಾಮಿ ಅಂದರು. ಪೂಜೆಗೆ ತಂದಿದ್ದ ಹಸು ತೋರಣದ ಮಾವಿನೆಲೆ ಕಿತ್ತು ತಿಂತು. ನೆಂಟರು ಹಸಿದು ಗೊಣಗಿದರು. ದೊಡ್ಡತ್ತೆ ಮುಖ ಊದಿಸಿಕೊಂಡು ಚಪ್ಪರದ ಮೂಲೆ ಸೇರಿದರು. ಮಾವ ಅಲ್ಲಾಡಲಿಲ್ಲ.

ಬಿಸಿಲು ಇಳಿಯೋ ಹೊತ್ತಿಗೆ ಅಕ್ಕ ಊಟದ ಬ್ಯಾಗು ಹಿಡಿದು ಬಂದಳು. ಅಷ್ಟೂ ಜನ ಹೊರಗೇ ನಿಂತಿರೋದು ನೋಡಿ ಅವಳ ಮುಖ ಬಿಳಿಚಿಕೊಂಡಿತು.

"ಏನಾಯ್ತು ಮಾವ?"

ಮಾವ ಕುರ್ಚಿಯಿಂದ ಎದ್ದರು. "ಏನೂ ಆಗಿಲ್ಲ ಕಣವ್ವ. ನೀನ್ ಹಾಕ್ಸಿದ್ ನೆಲ. ನೀನ್ ಕಾಲಿಡ್ದೆ ನಾವ್ ಹೆಂಗ್ ತುಳಿಯಾದು? ನಡಿ, ಹಾಲುಕ್ಸು."

ಅವಳು ಒಮ್ಮೆ ಧೂಳು ಮೆತ್ತಿದ ಕೋಟು ನೋಡಿಕೊಂಡಳು, ಒಮ್ಮೆ ದೊಡ್ಡತ್ತೆ ಕಡೆ ನೋಡಿದಳು. ನಾನು ಚೊಂಬಿನಿಂದ ಅವಳ ಕಾಲಿಗೆ ನೀರು ಹುಯ್ದೆ. ಕೋಟಿನಲ್ಲೇ ಒಳಗೆ ಹೋಗಿ ಒಲೆ ಹಚ್ಚಿದಳು. ಹಾಲು ಉಕ್ಕಿ ನೆಲದ ಮೇಲೆಲ್ಲ ಹರಿಯಿತು. ದೊಡ್ಡತ್ತೆಯೂ ಬಂದು ಪಂಕ್ತಿಯಲ್ಲಿ ಕೂತು ಪಾಯಸ ಉಂಡರು. ಅಂಥ ಮಾವ, ಅಂಥ ವಾರಗಿತ್ತಿ ಇದ್ದ ಮನೆಯ ಸೊಸೆ ನಾನು ಅಂತ ಈಗಲೂ ನನಗೆ ಜಂಬ. ಇದ್ದರೆ ಇರಲಿ...

ಮಾವ ಹೋದರು. ಜ್ವರ ಅಂತ ಮಲಗಿದ ಅಕ್ಕನೂ ಏಳಲಿಲ್ಲ. ಹೋದ ವರ್ಷ ನಮ್ಮ ಯಜಮಾನರೂ ಹೊರಟುಹೋದರು. ಮಗ ಮನೆ ದೊಡ್ಡದು ಮಾಡಿಸುತ್ತಿದ್ದಾನೆ, ಹೊಸ ನೆಲ ಬರುತ್ತೆ. ಬರಲಿ, ಮಕ್ಕಳ ಕಾಲ.

ನೆನ್ನೆ ನೆಂಟರೆಲ್ಲ ಕೂತು ಗೃಹಪ್ರವೇಶಕ್ಕೆ ಲಗ್ನ ನೋಡುವಾಗ ಸೊಸೆ ಕಾಫಿ ಲೋಟ ಎತ್ತುತ್ತಾ, ಹಾಲು ಅತ್ತೆಯೇ ಉಕ್ಕಿಸಲಿ ಅಂದಳು. ಯಾರೂ ತಲೆ ಎತ್ತಿ ನನ್ನ ಬರಿ ಹಣೆ ನೋಡಲಿಲ್ಲ. ಗಂಡ ಸತ್ತವಳು ಬೇಡ ಅನ್ನೋದೊಂದು ಮಾತಿತ್ತು ಅನ್ನೋದೇ ಅವರಿಗೆ ಮರೆತುಹೋಗಿತ್ತು. ನೆನಪಾಗಿದ್ದು ನನಗೊಬ್ಬಳಿಗೆ. ಓಡಿಹೋಗಿ ಹೇಳೋಣ ಅಂದರೆ ಅಕ್ಕ ಇಲ್ಲ.