ಗುಂಡಪ್ಪನ ಕುಲಾಯಿ

ಹುಕ್ಕೇರಿಯ ಯಲ್ಲವ್ವನದು ಒಂದು ವಿಚಿತ್ರ ಪದ್ಧತಿ. ತವರುಮನೆಯಲ್ಲಿ ಯಾವ ಕೂಸಿನ ತೊಟ್ಟಿಲು ಕಾರ್ಯವಿದ್ದರೂ ಎಲ್ಲರಿಗಿಂತ ಮೊದಲು ಬಂದು ಇಳಿಯುತ್ತಿದ್ದಳು, ಎಲ್ಲರಿಗಿಂತ ಹೆಚ್ಚು ದುಡಿಯುತ್ತಿದ್ದಳು, ಆದರೆ ತೊಟ್ಟಿಲ ಹತ್ತಿರ ಮಾತ್ರ ಸುಳಿಯುತ್ತಿರಲಿಲ್ಲ. ಹೆಂಗಸರೆಲ್ಲ ಪಡಸಾಲೆಯಲ್ಲಿ ತೊಟ್ಟಿಲ ಸುತ್ತ ಸೇರಿದರೆ ಈಕೆ ಒಳಗೆ ಒಲೆಯ ಮುಂದೆ ಭಜಿ ಕರಿಯುತ್ತ ಕೂತಿರುತ್ತಿದ್ದಳು. ಯಾರಾದರೂ ಹೊರಗೆ ಬಾರವ್ವಾ ಎಂದರೆ ಭಜಿ ಹೊತ್ತುತ್ತವೆ ಎನ್ನುತ್ತಿದ್ದಳು. ಆ ಮನೆಯ ಭಜಿಗಳಿಗೆ ನಿಜಕ್ಕೂ ಅಷ್ಟು ಹೊತ್ತುವ ಚಟವಿದ್ದಿದ್ದರೆ ತುಕ್ಕಾನಟ್ಟಿ ಊರೇ ಎಂದೋ ಸುಟ್ಟು ಹೋಗಬೇಕಿತ್ತು.

ಹುಕ್ಕೇರಿಯಲ್ಲಿ ನೋಡಿದರೆ ಆಕೆ ಹೀಗೆ ಹಿಂದೆ ಸರಿಯುವ ಹೆಂಗಸೇ ಅಲ್ಲ. ಅಲ್ಲಿ ಅವಳ ಗಂಡ ಬಾಳೇಶನ ಹಿಟ್ಟಿನ ಗಿರಣಿಯಿದೆ. ಹೆಸರಿಗೆ ಗಂಡನದು, ನಡೆಸುವವಳು ಈಕೆ. ಬಾಳೇಶ ಪಾಪದ ಮನುಷ್ಯ. ಬೆಲ್ಟು ಹರಿದರೆ ಜೋಡಿಸುತ್ತಾನೆ, ಕಲ್ಲು ಸವೆದರೆ ಕುಟ್ಟುತ್ತಾನೆ, ಉಳಿದದ್ದಕ್ಕೆಲ್ಲ ಹೆಂಡತಿಯ ಕಡೆ ಬೆರಳು ತೋರಿಸುತ್ತಾನೆ. ಜೋಳ ಬೀಸುವ ಹೊತ್ತಿಗೆ ಯಾರಾದರೂ ಮೆಣಸಿನಕಾಯಿ ಚೀಲ ಹಿಡಿದುಕೊಂಡು ಬಂದರೋ, ಮುಗಿಯಿತು, ಅವರ ಅಜ್ಜನ ಕಾಲದಿಂದ ಹಿಡಿದು ಆ ಮನೆಯವರಿಗೆಲ್ಲ ಬುದ್ಧಿ ಎಷ್ಟಿತ್ತು ಎಂದು ಯಲ್ಲವ್ವ ನಾಲ್ಕು ಜನರ ಮುಂದೆ ಹೇಳಿಯೇ ಕಳಿಸುತ್ತಾಳೆ. ಹಾಗೆ ಬೈಸಿಕೊಂಡವರ ಜೊತೆ ಮಗು ಬಂದಿದ್ದರೆ ಅದರ ಕೈಯಲ್ಲಿ ಒಂದು ಚೂರು ಬೆಲ್ಲ ಇಡುತ್ತಾಳೆ. ಅದಕ್ಕೇ ಜನ ಮತ್ತೆ ಅಲ್ಲಿಗೇ ಬರುತ್ತಾರೆ.

ಬಾಯಿಯಷ್ಟೇ ಅವಳ ಕೈಯೂ ಜೋರು. ಆ ಕಡೆಯ ಪದ್ಧತಿಯಲ್ಲಿ ಕೂಸಿಗೆ ಹೆಸರಿಡುವವಳು ಸೋದರತ್ತೆ, ಅಂದರೆ ಕೂಸಿನ ತಂದೆಯ ಅಕ್ಕನೋ ತಂಗಿಯೋ. ಅವಳು ಬಗ್ಗಿ ಕೂಸಿನ ಕಿವಿಯಲ್ಲಿ ಕುರ್ರ್ ಎಂದು ಹೆಸರು ಊದಬೇಕು, ಸುತ್ತ ನಿಂತ ಹೆಂಗಸರು ಅವಳ ಬೆನ್ನಿಗೆ ದಬದಬ ಗುದ್ದಬೇಕು. ಆ ಒಂದು ಗಳಿಗೆಗೆ ಮಾತ್ರ ಯಲ್ಲವ್ವ ಅಡುಗೆಮನೆಯಿಂದ ಓಡಿ ಬಂದು, ಗುಂಪಿನ ಹಿಂದಿನಿಂದ ಕೈ ಚಾಚಿ ಒಂದೇ ಗುದ್ದು ಕೊಟ್ಟು, ತೊಟ್ಟಿಲ ಕಡೆ ಕಣ್ಣೂ ಹಾಯಿಸದೆ ತಿರುಗಿ ಒಲೆಯ ಮುಂದೆ ಹೋಗುತ್ತಿದ್ದಳು. ಗುದ್ದು ಯಾರದೆಂದು ಯಾರೂ ಕೇಳಬೇಕಾಗಿರಲಿಲ್ಲ. ಹೆಸರಿಟ್ಟವಳ ಸೀರೆಯ ಮೇಲೆ ಕಡಲೆಹಿಟ್ಟಿನ ಐದು ಬೆರಳು ಮೂಡಿರುತ್ತಿದ್ದವು.

ಈ ಭಜಿಯ ನೆಪ ಶುರುವಾದದ್ದು ಅವಳ ಅಣ್ಣ ಗುರುಲಿಂಗಪ್ಪನ ಮೊದಲ ಮಗ ಶ್ರೀಶೈಲನ ತೊಟ್ಟಿಲ ದಿನ. ಸೋದರತ್ತೆಯರಲ್ಲಿ ಹಿರಿಯಳು ಯಲ್ಲವ್ವ, ಹೆಸರಿಡುವ ಮಾನ ಅವಳದೇ. ಆದರೆ ಅದೇ ವರ್ಷ ಏಳು ತಿಂಗಳಿಗೇ ಅವಳಿಗೆ ಹೆರಿಗೆಯಾಗಿ, ಗಂಡುಕೂಸು ಅಳದೆಯೇ ಹೋಗಿಬಿಟ್ಟಿತ್ತು. ಅವ್ವ ಕರೆದಳು. ಯಲ್ಲವ್ವ ತೊಟ್ಟಿಲು ನೋಡಿದಳು, ಕಾಲು ಏಳಲಿಲ್ಲ. ಭಜಿ ಹೊತ್ತುತ್ತವೆ ಎಂದು ಒಳಗೆ ಹೋದಳು. ತಂಗಿ ಶೋಭಾ ಹೆಸರಿಟ್ಟಳು. ಮುಂದೆ ಶ್ರೀಶೈಲನ ತಂಗಿ ಭಾಗ್ಯಾ ಹುಟ್ಟಿದಾಗ ಯಾರೂ ಕರೆಯುವ ಮೊದಲೇ ಹೋಗಿ ಒಲೆಯ ಮುಂದೆ ಕೂತಳು. ಆಮೇಲೆ ಅವಳನ್ನು ಕರೆಯುವುದನ್ನೇ ಬಿಟ್ಟರು. ಕರೆದರೆ ಅವಳ ಮನಸ್ಸು ನೋಯುತ್ತದೆ ಎಂದು ಅವರು ಸುಮ್ಮನಾದರು. ಮಕ್ಕಳಿಲ್ಲದವಳ ಬಾಯಿಂದ ಹೆಸರು ಬೇಡ ಎಂದೇ ಇವರು ಕರೆಯುತ್ತಿಲ್ಲ ಎಂದುಕೊಂಡು ಇವಳು ಸುಮ್ಮನಾದಳು. ಊರಿನ ಇಲ್ಲದ ಉಸಾಬರಿಯನ್ನೆಲ್ಲ ಮಾತಾಡುವ ಈ ಜನ ಇದೊಂದನ್ನು ಮಾತ್ರ ನುಂಗಿಕೊಂಡು ಕೂತರು ನೋಡಿ, ಅದಕ್ಕೆ ಏನೆನ್ನಬೇಕು. ಕೂತು ಮಾತಾಡಿದ್ದರೆ ಒಂದು ಚಹಾ ಕುಡಿಯುವಷ್ಟರಲ್ಲಿ ಮುಗಿಯುತ್ತಿತ್ತು.

ಯಲ್ಲವ್ವನಿಗೆ ಮುಂದೆ ಮಕ್ಕಳಾಗಲಿಲ್ಲ. ಅದನ್ನು ಅವಳು ಹೇಗೋ ಅರಗಿಸಿಕೊಂಡಳು. ಆದರೆ ಒಂದು ಸಲ, ಒಂದೇ ಒಂದು ಸಲ, ಈ ಮನೆಯ ಕೂಸಿನ ಕಿವಿಯಲ್ಲಿ ತಾನು ಹೆಸರು ಊದಬೇಕು ಎಂಬ ಆಸೆ ಹೋಗಲಿಲ್ಲ. ಬಾಯಿಬಿಟ್ಟು ಕೇಳಲು ಸ್ವಾಭಿಮಾನ ಅಡ್ಡ ಬರುತ್ತಿತ್ತು.

ಕಳೆದ ಡಿಸೆಂಬರಿನಲ್ಲಿ ಶ್ರೀಶೈಲನ ಮೊದಲ ಕೂಸಿನ ತೊಟ್ಟಿಲು ಕಾರ್ಯ ಇಟ್ಟುಕೊಂಡರು. ಹದಿಮೂರನೇ ದಿನಕ್ಕೆ ಆಗಬೇಕಾದದ್ದು ಮೂರು ತಿಂಗಳು ತಡವಾಗಿತ್ತು. ಮೂಡಲಗಿಯಲ್ಲಿ ಪಂಪಸೆಟ್ಟಿನ ಸಾಮಾನಿನ ಅಂಗಡಿ ಇಟ್ಟಿದ್ದ ಶ್ರೀಶೈಲನಿಗೆ ಪುರಸೊತ್ತಿಲ್ಲ, ಗೋಕಾಕದ ಸಾಲಿಯಲ್ಲಿ ಕಲಿಸುವ ಭಾಗ್ಯಾಳಿಗೆ ರಜೆಯಿಲ್ಲ. ಕೊನೆಗೆ ವರ್ಷದ ಕೊನೆಯ ರಜೆಯಲ್ಲಿ ಎಲ್ಲರೂ ತುಕ್ಕಾನಟ್ಟಿಯ ಮನೆಯಲ್ಲಿ ಸೇರುವುದು, ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋಗಿ ಚರಗ ಚೆಲ್ಲುವುದು, ಮಾರನೆಯ ದಿನ ತೊಟ್ಟಿಲು ಮಾಡುವುದು ಎಂದು ತೀರ್ಮಾನವಾಯಿತು.

ಯಲ್ಲವ್ವ ಗೋಕಾಕದಲ್ಲಿ ಬಸ್ಸು ಬದಲಿಸಿ, ಮಕ್ಕಳಿಗೆ ಕರದಂಟು ಕಟ್ಟಿಸಿಕೊಂಡು ಮೂಡಲಗಿಯ ಬಸ್ಸು ಹತ್ತಿದಳು. ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಬಸ್ಸು ತೆವಳುತ್ತಿತ್ತು. ಕಿಟಕಿಯ ಪಕ್ಕ ಕೂತವಳಿಗೆ ಒಂದು ವಿಷಯ ಹೊಳೆಯಿತು. ಈ ಕೂಸಿನ ಸೋದರತ್ತೆ ತಾನಲ್ಲ, ಭಾಗ್ಯಾ. ಹೆಸರಿಡುವ ಮಾನ ಮುಂದಿನ ತಲೆಮಾರಿಗೆ ದಾಟಿಯೇ ಹೋಯಿತು. ತನ್ನ ಪಾಳಿ ಬರಲೇ ಇಲ್ಲ, ಮುಗಿದೂ ಹೋಯಿತು. ಅವಳಿಗೆ ಬಹಳ ಬೇಸರವಾಯಿತು. ಆ ಬೇಸರದಲ್ಲಿ ಕಂಡಕ್ಟರನ ಜೊತೆ ಚಿಲ್ಲರೆಗಾಗಿ ಸುಮ್ಮಸುಮ್ಮನೆ ಜಗಳ ತೆಗೆದಳು.

ಹಬ್ಬ ಚೆನ್ನಾಗಿಯೇ ಆಯಿತು. ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಬದನೆಕಾಯಿ ಎಣ್ಣೆಗಾಯಿ ಕಟ್ಟಿಕೊಂಡು ಎಲ್ಲರೂ ಹೊಲಕ್ಕೆ ಹೋದರು, ಭೂಮಿತಾಯಿಗೆ ಎಡೆ ಚೆಲ್ಲಿ ಬೇವಿನ ಮರದ ಕೆಳಗೆ ಉಂಡರು, ಬಿಸಿಲಲ್ಲಿ ಮಲಗಿ ಬಂದರು. ಮಾರನೆಯ ದಿನ ಬೆಳಿಗ್ಗೆ ಮಠದ ಐನಾರು ಬಂದು ಕೂಸಿಗೆ ಲಿಂಗ ಕಟ್ಟಿ ಹೋದರು. ಅದಾದ ಮೇಲೆ ಶ್ರೀಶೈಲನ ಹೆಂಡತಿ ನಂದಿನಿ ಕೂಸಿಗೆ ಹಾಕಲು ಪೇಟೆಯಿಂದ ತಂದ ಉಣ್ಣೆಯ ಟೊಪ್ಪಿಗೆ ತೆಗೆದಳು. ಅವಳ ಅತ್ತೆ ಲಕ್ಷ್ಮೀ, ಅಂದರೆ ಗುರುಲಿಂಗಪ್ಪನ ಹೆಂಡತಿ, ತಡೆದಳು. ತೊಟ್ಟಿಲಿಗೆ ಹಾಕುವ ದಿನ ಕೂಸಿಗೆ ಹೊಸದು ಹಾಕಬಾರದು, ದೊಡ್ಡ ಮಕ್ಕಳು ಹಾಕಿಬಿಟ್ಟದ್ದನ್ನೇ ಹಾಕಬೇಕು, ಈ ಮನೆಯ ಮಕ್ಕಳೆಲ್ಲ ಹಾಕಿಕೊಂಡ, ತಲೆಯಿಂದ ಬೆನ್ನಿನವರೆಗೆ ಇಳಿಯುವ ಒಂದು ಕುಂಚಿಗೆ ಅಟ್ಟದ ಮೇಲಿನ ಟ್ರಂಕಿನಲ್ಲಿರಬೇಕು ಎಂದಳು.

ಟ್ರಂಕು ಯಲ್ಲವ್ವನ ಅವ್ವನದು. ಅವ್ವ ತೀರಿಕೊಂಡ ಮೇಲೆ ಅದನ್ನು ಯಾರೂ ತೆರೆದಿರಲಿಲ್ಲ. ಭಾಗ್ಯಾ ಅದನ್ನು ಇಳಿಸಿ ಪಡಸಾಲೆಯಲ್ಲಿ ಮುಚ್ಚಳ ಎತ್ತಿದ್ದೇ ತಡ, ಮನೆಯವರೆಲ್ಲ ಮುತ್ತಿಕೊಂಡರು. ಗೋಕಾಕದಲ್ಲಿ ಮಾಡುವ ಮರದ ಆಟಿಕೆಯ ಬಾಳೆಹಣ್ಣೊಂದು ಬಂತು. ಬಣ್ಣ ಅರ್ಧ ಹೋಗಿ, ಶ್ರೀಶೈಲನಿಗೆ ಹಲ್ಲು ಬರುವಾಗ ಕಚ್ಚಿದ ಗುರುತು ಹಾಗೇ ಉಳಿದಿತ್ತು. ಕೂಸಿಗೆ ಹಾಲು ಕುಡಿಸುವ ಬೆಳ್ಳಿಯ ಒಳಲೆ ಬಂತು. ಗುರುಲಿಂಗಪ್ಪನ ಬುಗುರಿ ಬಂತು. ಆ ಮನುಷ್ಯ ಸುತ್ತ ನಿಂತ ಮಕ್ಕಳ ಕೈಗೆ ಅದನ್ನು ಕೊಡದೆ, ದಾರ ಹುಡುಕಿಕೊಂಡು ಅಂಗಳಕ್ಕೆ ಹೋಗಿ ಒಬ್ಬನೇ ಆಡತೊಡಗಿದ. ಕುಂಚಿಗೆಯೂ ಸಿಕ್ಕಿತು. ಆದರೆ ತಲೆಯ ಭಾಗವನ್ನೆಲ್ಲ ಇಲಿ ಕಡಿದು ಹಾಕಿತ್ತು. ನಂದಿನಿಯ ಮುಖ ಸಣ್ಣದಾಯಿತು.

ತೀರ ತಳದಲ್ಲಿ, ಅವ್ವನ ಹಳೆಯ ಕುಪ್ಪಸದೊಳಗೆ ಬೇವಿನ ಎಲೆಯ ಜೊತೆ ಮಡಚಿಟ್ಟ ಒಂದು ಪುಟ್ಟ ಕುಲಾಯಿ ಇತ್ತು. ಕೆಂಪು ಖಣದ ಬಟ್ಟೆಯದು, ಕಿವಿ ಮುಚ್ಚುವಂಥದು, ಅಂಚಿಗೆ ಬಿಳಿ ಮಣಿ, ಗದ್ದದ ಕೆಳಗೆ ಕಟ್ಟುವ ದಾರ. ಲಕ್ಷ್ಮೀ ತಿರುಗಿಸಿ ಮುರುಗಿಸಿ ನೋಡಿದಳು. ಎಣ್ಣೆಯ ಜಿಡ್ಡಿಲ್ಲ, ಹಾಲಿನ ಕಲೆಯಿಲ್ಲ, ಯಾವ ತಲೆಯೂ ಇದರೊಳಗೆ ಕೂತಿಲ್ಲ, ಇದೂ ಹೊಸದೇ, ಕೂಸಿಗೆ ಬೇಡ ಎಂದಳು. ಹಾಗಾದರೆ ಗುಂಡಪ್ಪನಿಗೆ ಹಾಕೋಣ ಎಂದಳು ಭಾಗ್ಯಾ. ತೊಟ್ಟಿಲಿಗೆ ಕೂಸಿಗಿಂತ ಮೊದಲು ಹೋಗುವವನು ಗುಂಡಪ್ಪ, ಅಂದರೆ ರುಬ್ಬುವ ಗುಂಡುಕಲ್ಲು. ಕಲ್ಲಿಗೆ ಅಂಗಿ ಟೊಪ್ಪಿಗೆ ಹಾಕಿ, ವಿಭೂತಿ ಹಚ್ಚಿ, ಮಗುವಿನ ಹಾಗೆ ತೊಟ್ಟಿಲ ಮೇಲೊಮ್ಮೆ ಕೆಳಗೊಮ್ಮೆ ದಾಟಿಸಿ, ಅವನಿಗೂ ಒಂದು ಹೆಸರಿಟ್ಟು ಮಲಗಿಸುತ್ತಾರೆ. ಅವನು ಅಣ್ಣ, ಅವನ ಹಿಂದೆ ಬರುವ ಕೂಸು ಅವನಂತೆ ಗಟ್ಟಿಯಾಗಲಿ ಎಂದು. ಕುಲಾಯಿ ಗುಂಡಪ್ಪನಿಗೆ ಅಳತೆ ತೆಗೆದು ಹೊಲಿದ ಹಾಗೆ ಕೂತಿತು. ಎಲ್ಲರೂ ನಕ್ಕರು. ಯಲ್ಲವ್ವ ಆಗ ಹಿತ್ತಲಲ್ಲಿ ಗುಗ್ಗರಿಯ ಗೋಧಿ ತೊಳೆಯುತ್ತಿದ್ದಳು.

ಮಧ್ಯಾಹ್ನ ಪಡಸಾಲೆಯ ತೊಲೆಗೆ ತೊಟ್ಟಿಲು ಕಟ್ಟಿದರು. ಓಣಿಯ ಹೆಂಗಸರು ಬಂದು ಸೇರಿದರು. ಶೋಭಾ ಗೋಕಾಕದಿಂದ ಆಗಷ್ಟೇ ಬಂದು ಕಾಲು ತೊಳೆದು ಒಳಗೆ ಕಾಲಿಟ್ಟವಳು, ಭಾಗ್ಯಾಳ ತೊಡೆಯ ಮೇಲಿನ ಗುಂಡಪ್ಪನನ್ನು ನೋಡಿ ನಿಂತಲ್ಲೇ ನಿಂತಳು. ಬಗ್ಗಿ ಏನೋ ಪಿಸುಗುಟ್ಟಿ ಕುಲಾಯಿಗೆ ಕೈ ಹಾಕಿದಳು. ಭಾಗ್ಯಾಳ ಮುಖ ಬಿಳಿಚಿತು. ಹೆಂಗಸರ ಮಾತು ನಿಂತಿತು.

ಇಷ್ಟು ಜನ ಹೆಂಗಸರು ಒಮ್ಮೆಲೇ ಸುಮ್ಮನಾದರೆ ಏನೋ ಆಗಿದೆ ಎಂದೇ ಅರ್ಥ. ಯಲ್ಲವ್ವ ಭಜಿ ಎತ್ತುವ ಜಾಲರಿ ಕೈಯಲ್ಲಿ ಹಿಡಿದೇ ಅಡುಗೆಮನೆಯ ಬಾಗಿಲಿಗೆ ಬಂದಳು. ಮೊದಲು ಕಂಡದ್ದು ಕೆಂಪು ಖಣ. ಆಮೇಲೆ ಎಡಕಿವಿಯ ಕಡೆ ಸೊಟ್ಟಗೆ ಹೋದ ಮಣಿಯ ಸಾಲು. ಅದನ್ನು ಹೊಲಿದವಳು ಅವಳೇ. ಬಸುರಿಯಾಗಿ ತವರಿಗೆ ಬಂದಾಗ ಇದೇ ಪಡಸಾಲೆಯ ಬೆಳಕಿನಲ್ಲಿ ಕೂತು ಹೊಲಿದಿದ್ದಳು. ಸೂಜಿ ಹಿಡಿಯಲು ಬಾರದವಳು, ಮಣಿ ಸೊಟ್ಟ ಹೋಗಿ ಅವ್ವನಿಂದ ಬೈಸಿಕೊಂಡಿದ್ದಳು. ಚೊಚ್ಚಲ ಹೆರಿಗೆಗೆ ತನ್ನ ತವರಿಗೆ ಹೋಗಿದ್ದ ಲಕ್ಷ್ಮೀ ಅದನ್ನು ಆಗ ನೋಡಿರಲಿಲ್ಲ, ಶೋಭಾ ನೋಡಿದ್ದಳು. ಕೂಸಿನ ಜೊತೆ ಅದನ್ನೂ ಅವ್ವ ಮಣ್ಣಿಗೆ ಕೊಟ್ಟಳೆಂದೇ ಇಷ್ಟು ವರ್ಷ ತಿಳಿದಿದ್ದಳು.

"ಅಕ್ಕಾ, ಗೊತ್ತಿಲ್ದ ಹಾಕ್ಯಾರ," ಎಂದಳು ಶೋಭಾ. "ತಗದಬಿಡತೀನಿ."

"ಬ್ಯಾಡ. ಇರಲಿ."

ಯಲ್ಲವ್ವ ಬಾಗಿಲಲ್ಲೇ ನಿಂತಿದ್ದಳು. ಮುಂದೆ ಬರಲೂ ಇಲ್ಲ, ಒಳಗೆ ಹೋಗಲೂ ಇಲ್ಲ. ಭಾಗ್ಯಾ ಗುಂಡಪ್ಪನನ್ನು ಎದೆಗವಚಿಕೊಂಡು ತಾನು ಕೂತಿದ್ದ ಮಣೆಯಿಂದ ಎದ್ದಳು.

"ಅತ್ಯಾ, ಈ ಮಣೆ ನಿಂದು. ನನಗ ಹೆಸರಿಡಾಕ ನೀ ಬರಲಿಲ್ಲ. ಈ ಕೂಸಿಗರೆ ಬಾ."

ಯಲ್ಲವ್ವ ಅವಳನ್ನು ನೋಡಲಿಲ್ಲ. ಅತ್ತಿಗೆಯನ್ನು ನೋಡಿದಳು. "ಏನ್ರಿ ವೈನಿ, ನಾ ಇಡಬಹುದೇನು?"

ಲಕ್ಷ್ಮೀ ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ಕರದ್ರ ನಿನಗ ತ್ರಾಸ ಆಕ್ಕೈತಿ ಅಂತ ಬಿಟ್ಟಿದ್ವಿ ಯಲ್ಲವ್ವಾ. ಬ್ಯಾಡ ಅಂತ ಯಾರಂದಾರ?"

"ನೀವು ಬ್ಯಾಡ ಅಂತೀರಿ ಅಂತ ನಾ ತಿಳಕೊಂಡಿದ್ದೆ," ಎಂದಳು ಯಲ್ಲವ್ವ.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಇಬ್ಬರದೂ ತಲೆ ನರೆತಿತ್ತು. ಅಷ್ಟರಲ್ಲಿ ಒಳಗಿನಿಂದ ಕಮರು ವಾಸನೆ ಬಂತು. ಓಣಿಯ ಹೆಂಗಸೊಬ್ಬಳು ಭಜಿ ಹೊತ್ತುತ್ತಿವೆ ಎಂದು ನೆನಪು ಮಾಡಿದಳು. ಈ ಸಲ ಅದು ಖರೇನೇ ಆಗಿತ್ತು.

"ಹೊತ್ತಲಿ," ಎಂದು ಯಲ್ಲವ್ವ ಜಾಲರಿಯನ್ನು ಅಲ್ಲೇ ಇಟ್ಟು, ಬಂದು ಮಣೆಯ ಮೇಲೆ ಕೂತಳು.

ಗುಂಡಪ್ಪನನ್ನು ತೊಡೆಯ ಮೇಲೆ ತೆಗೆದುಕೊಂಡಳು. ಕಲ್ಲು ಭಾರವಿತ್ತು, ತಣ್ಣಗಿತ್ತು. ಹೆಂಗಸರು ಅವನನ್ನು ಮೇಲೊಮ್ಮೆ ಕೆಳಗೊಮ್ಮೆ ದಾಟಿಸಿ ತಿರುಗಿ ಅವಳ ಕೈಗೆ ಕೊಟ್ಟರು. ಮಣಿ ಸೊಟ್ಟಗಿದ್ದ ಕಡೆಯ ಅಂಚನ್ನು ಎತ್ತಿ, ಕಿವಿ ಇರಬೇಕಾದ ಜಾಗಕ್ಕೆ ಬಾಯಿಯಿಟ್ಟು ಕುರ್ರ್ ಎಂದಳು, ಆಮೇಲೆ ಒಂದು ಹೆಸರು ಪಿಸುಗುಟ್ಟಿದಳು. ಬೆನ್ನಿಗೆ ಗುದ್ದು ಬೀಳಲಿಲ್ಲ, ಯಾರ ಕೈಯೂ ಏಳಲಿಲ್ಲ. ಆ ಹೆಸರು ಯಾವುದೆಂದು ಯಾರೂ ಕೇಳಲಿಲ್ಲ. ಅವಳೂ ಹೇಳಲಿಲ್ಲ. ಗುಂಡಪ್ಪನನ್ನು ತೊಟ್ಟಿಲಲ್ಲಿ ಮಲಗಿಸಿ ಸ್ವಲ್ಪ ಹೊತ್ತು ತಾನೇ ತೂಗಿದಳು. ಎಷ್ಟು ಹೊತ್ತು ತೂಗಿದರೂ ಯಾರೂ ಅವಸರ ಮಾಡಲಿಲ್ಲ.

ಆಮೇಲೆ ನಂದಿನಿ ಕೂಸನ್ನು ತಂದು ಕೊಟ್ಟಳು. ತಂದೆತಾಯಿ ಆರಿಸಿದ ಹೆಸರು ಸನ್ನಿಧಿ. ಯಲ್ಲವ್ವ ಬಗ್ಗಿ ಅದನ್ನು ಕೂಸಿನ ಕಿವಿಯಲ್ಲಿ ಊದಿದಳೋ ಇಲ್ಲವೋ, ಬೆನ್ನಿನ ಮೇಲೆ ಮಳೆಗರೆದ ಹಾಗೆ ಗುದ್ದು ಬಿದ್ದವು. ಅಷ್ಟು ವರ್ಷ ಅವಳ ಕೈಯ ರುಚಿ ಕಂಡವರೆಲ್ಲ ಅಲ್ಲೇ ಇದ್ದರಲ್ಲ! ಎಲ್ಲರಿಗಿಂತ ಜೋರಾಗಿ ಗುದ್ದಿದವಳು ಶೋಭಾ, ಹಿಟ್ಟು ಮೆತ್ತಿ ಹಾಳಾದ ತನ್ನ ಸೀರೆಗಳ ಸೇಡನ್ನೆಲ್ಲ ಆವತ್ತೇ ತೀರಿಸಿಕೊಂಡಳು. ಭಾಗ್ಯಾ ಗುದ್ದಿದಳು, ಲಕ್ಷ್ಮೀ ಗುದ್ದಿದಳು. ಯಲ್ಲವ್ವನಿಗೆ ಅಳು ಬಂತು. ನೋವಿಗಲ್ಲ, ಸಂತೋಷಕ್ಕೆ ಬಂತು. ಇನ್ನೂ ನಾಲ್ಕು ಬಿದ್ದರೂ ಚೆನ್ನ ಎನಿಸಿತು.

ಗದ್ದಲಕ್ಕೆ ಕೂಸು ಎಚ್ಚೆತ್ತು ಸೀನಿತು. ಅದರ ತಲೆ ಬರಿದಾಗಿತ್ತು, ಬಾಗಿಲಿಂದ ಚಳಿಗಾಳಿ ಬರುತ್ತಿತ್ತು. ನಂದಿನಿ ಮತ್ತೆ ಉಣ್ಣೆಯ ಟೊಪ್ಪಿಗೆಯ ಕಡೆ ನೋಡಿದಳು, ಮತ್ತೆ ಅತ್ತೆಯ ಕಡೆ ನೋಡಿದಳು. ಯಲ್ಲವ್ವ ಗುಂಡಪ್ಪನ ಗದ್ದದ ಕೆಳಗಿನ ದಾರ ಬಿಚ್ಚಿ, ಕುಲಾಯಿ ತೆಗೆದು ಕೊಡವಿದಳು. ಲಕ್ಷ್ಮೀ ಅಳುಕುತ್ತ, ಅದೂ ಯಾರೂ ಹಾಕಿಕೊಳ್ಳದ ಹೊಸದಲ್ಲವೇ ಎಂದಳು.

"ಎಲ್ಲಿ ಹೊಸಾದ್ರಿ ವೈನಿ?" ಎಂದಳು ಯಲ್ಲವ್ವ. "ಅಣ್ಣ ಹಾಕ್ಕೊಂಡು ಬಿಟ್ಟಾನ. ಈಗ ತಂಗಿ ಹಾಕ್ಕೋತಾಳ."

ಲಕ್ಷ್ಮೀ ತಾನೇ ಕೂಸಿನ ತಲೆ ಎತ್ತಿ ಹಿಡಿದಳು. ಯಲ್ಲವ್ವ ಕುಲಾಯಿ ತೊಡಿಸಿ, ಎರಡೂ ಕಿವಿ ಮುಚ್ಚಿ, ಕೂಸಿಗೆ ಬಿಗಿಯಾಗದಂತೆ ಸಡಿಲವಾಗಿ ದಾರ ಕಟ್ಟಿದಳು.