ಇರುವೆ ಹತ್ತದ ಕೌದಿ

ಗೊಳಸಂಗಿಯ ಹೆಂಗಸರು ಅವಳಿಗೆ ಇಟ್ಟ ಹೆಸರು ಪೊಲೀಸ್ ಖಾತುನಬಿ. ಕಸುಬು ಕೌದಿ ಹೊಲಿಯುವುದು. ಹಳೆ ಸೀರೆ, ಹರಕು ಧೋತರ ಕೊಟ್ಟರೆ ನಿಮ್ಮ ಕಟ್ಟೆಯ ಮೇಲೆಯೇ ಕೂತು ಹೊಲಿದು ಕೊಡುತ್ತಿದ್ದಳು. ದಿನವಿಡೀ ಕಟ್ಟೆಯ ಮೇಲೆ ಕೂತವಳ ಕಿವಿಗೆ ಏನು ತಪ್ಪೀತು? ರೇಣವ್ವನ ಹುಂಜ ಕಳೆದಾಗ ಮನೆಮನೆಗೂ ಹೋಗಿ, "ತುಸು ಖಾರ ಅರಕೋತೇನಿ, ಒಳಕಲ್ಲ ಕೊಡ್ರಿ" ಎಂದು ಕೇಳಿದಳು. ಶ್ರಾವಣ ಮಾಸದಲ್ಲಿ ಯಾರ ಒಳಕಲ್ಲು ಮಸಾಲೆಯ ವಾಸನೆ ಹೊಡೆಯಿತೋ, ಆ ಮನೆಯವರು ಮರುದಿನ ಬೇರೆ ಹುಂಜ ತಂದು ರೇಣವ್ವನ ಅಂಗಳದಲ್ಲಿ ಕಟ್ಟಿದರು. ಯಾರೆಂದು ಖಾತುನಬಿ ಹೇಳಲಿಲ್ಲ. ನನಗೂ ಹೇಳಲಿಲ್ಲ! ಆ ಸಿಟ್ಟು ನನಗೆ ಇನ್ನೂ ಇದೆ.

ನಮ್ಮ ಜಿಲ್ಲೆ ಮುಂಬಯಿ ಬಿಟ್ಟು ಮೈಸೂರಿಗೆ ಸೇರಿದ ಮರುವರ್ಷ, ನಮ್ಮ ಪಕ್ಕದ ಶಂಕರೆಪ್ಪನ ಮನೆಯಲ್ಲಿ ಬೋರಮಾಳ ಕಳೆಯಿತು. ಅವನ ತಾಯಿ ಹುಚ್ಚವ್ವನಿಗೆ ತವರಿನಿಂದ ಬಂದ ಬಂಗಾರದ ಸರ ಅದು. ಮುದುಕಿ ಎದೆ ಬಡಿದುಕೊಂಡು ಸೊಸೆ ಸಿದ್ದವ್ವನ ಕಡೆ ಬೆರಳು ಮಾಡಿದಳು.

"ಮೋರಟಗ್ಯಾಗ ಈಕಿ ತಂಗಿ ಮದಿವಿ ಐತಿ. ತವರಿಗೆ ಸಾಗಿಸ್ಯಾಳ!"

ಶಂಕರೆಪ್ಪ ತಾಯಿ ಹಾಕಿದ ಗೆರೆ ದಾಟುವ ಮಗನಲ್ಲ. ಅಮಾವಾಸ್ಯೆಯೊಳಗೆ ಸರ ಸಿಗದಿದ್ದರೆ ಸಿದ್ದವ್ವನನ್ನು ತವರಿನ ಬಂಡಿ ಹತ್ತಿಸುವುದು, ಕೂಸನ್ನು ಇಲ್ಲೇ ಇಟ್ಟುಕೊಳ್ಳುವುದು ಎಂದು ಹಿರಿಯರು ಹೇಳಿದರು. ಮೊಲೆ ಬಿಡದ ಕೂಸು! ಇವರ ಹಿರಿತನಕ್ಕಿಷ್ಟು ಬೆಂಕಿ ಹಾಕ.

ಸಿದ್ದವ್ವ ಖಾತುನಬಿಯ ಕಾಲು ಹಿಡಿದಳು. "ಚಾಚಿ, ನೀವ ಹುಡುಕಿ ಕೊಡ್ರಿ. ಕೂಸ ಬಿಟ್ಟ ನಾ ಬದುಕಂಗಿಲ್ರಿ."

"ಏಳ ತಂಗಿ, ಅಳಬ್ಯಾಡ. ಬಂಗಾರಕ್ಕೇನ ಕಾಲ ಇರ್ತಾವೇನು? ನಾ ಬರ್ತೇನಿ."

ಕೂಸನ್ನು ನೋಡುವ ನೆಪ ಮಾಡಿ ಬಂದಳು. ನಾನೂ ಹಿಂದೆಯೇ ಹೋದೆ. ಹುಚ್ಚವ್ವ ಚಹಾ ಕೊಟ್ಟಳು. ಬಟ್ಟಲು ಕೆಳಗಿಡುವಷ್ಟರಲ್ಲಿ "ಚಾ ಕುಡೀತಿಯೇನ ಖಾತುನಬಿ?" ಎಂದು ಕೇಳಿದಳು. ತುಸು ಹೊತ್ತಿಗೆ ಮತ್ತೆ ಅದೇ ಮಾತು. ಮುದುಕಿಗೆ ಅರಳು ಮರಳು ಎಂದು ನಾವು ಎಷ್ಟೋ ದಿನದಿಂದ ನಗುತ್ತಿದ್ದೆವು. ಖಾತುನಬಿ ನಗಲಿಲ್ಲ. ಕೂಸು ಮಲಗಿದ್ದ ಹೊಸ ಕೌದಿಯನ್ನೇ ನೋಡುತ್ತಿದ್ದಳು. ಹಿಂದಿನ ವಾರ ಅವಳೇ ಹೊಲಿದು ಕೊಟ್ಟದ್ದು.

"ಇದಕ್ಕ ಇರಿವಿ ಯಾಕ ಹತ್ತಿಲ್ಲ?" ಎಂದಳು.

ನಮ್ಮ ಓಣಿಯಲ್ಲಿ ಕೌದಿಯನ್ನು ಹಸಿದ ಹೊಟ್ಟೆಯಲ್ಲಿ ಬಿಡುವುದಿಲ್ಲ. ಕೊನೆಯ ಮೂಲೆಯೊಳಗೆ ಮನೆಯ ಹಿರಿಯಳು ಹೋಳಿಗೆಯ ಚೂರು ಇಟ್ಟು, ಅದರ ಬಾಯಿಯನ್ನು ತಾನೇ ಹೊಲಿಯಬೇಕು. ಉಣ್ಣುವ ಕೌದಿಗೆ ದೃಷ್ಟಿಯಾಗಬಾರದೆಂದು ಉಳಿದವರು ಮುಖ ತಿರುಗಿಸಬೇಕು. ಊರಿನ ಕಳ್ಳತನವನ್ನೆಲ್ಲ ಕಂಡ ಖಾತುನಬಿಯೂ ಅಂದು ಮುಖ ತಿರುಗಿಸಿ ಕೂತಿದ್ದಳು. ಬೆಲ್ಲಕ್ಕೆ ಇರುವೆ ಮುತ್ತಿ, ಹೊಸ ಕೌದಿಯನ್ನು ಬಿಸಿಲಿಗೆ ಹಾಕಿ ಝಾಡಿಸುವುದು ಪ್ರತಿ ಮನೆಯ ಪಾಡು. ಈ ಕೌದಿಯ ಹತ್ತಿರ ಒಂದು ಇರುವೆಯೂ ಸುಳಿದಿರಲಿಲ್ಲ.

ಮೂಲೆಯನ್ನು ಬೆರಳಿನಿಂದ ಒತ್ತಿ ನೋಡಿದಳು. ಮುಖ ಇಳಿದುಹೋಯಿತು. ಹಿರಿಯರನ್ನು ಕರೆಸಲಿಲ್ಲ. ಹೊಲದಿಂದ ಶಂಕರೆಪ್ಪನನ್ನಷ್ಟೇ ಕರೆಸಿ, ಬಾಗಿಲು ಮುಚ್ಚಿ, ಆ ಮೂಲೆಗೆ ಕತ್ತರಿ ಹಾಕಿದಳು. ಚಿಂದಿಯ ನಡುವಿನಿಂದ ಬೋರಮಾಳ ಜಾರಿ ಹೊರಗೆ ಬಿತ್ತು. ಹುಚ್ಚವ್ವ ಅದನ್ನು ಹೋಳಿಗೆ ಎಂದು ತಿಳಿದು ಇಟ್ಟಳೋ, ಕಳ್ಳರಿಗೆ ಅಂಜಿ ಇಟ್ಟಳೋ, ಆ ದೇವರೇ ಬಲ್ಲ.

"ನೋಡ್ರಿ!" ಸಿದ್ದವ್ವ ಅತ್ತೆಯ ಕಡೆ ಬೆರಳು ಮಾಡಿದಳು. "ಈಗ ಹೇಳ್ರಿ ಅತ್ತಿ, ಕಳ್ಳಿ ಯಾರು? ಹೇಳ್ರಿ!"

ಶಂಕರೆಪ್ಪ ತಲೆ ತಗ್ಗಿಸಿದ. ಹುಚ್ಚವ್ವ ಸರವನ್ನು ಎತ್ತಿ, ಬೆಳಕಿಗೆ ಹಿಡಿದು, ಹೊರಳಿಸಿ ಹೊರಳಿಸಿ ನೋಡಿದಳು.

"ಎಷ್ಟ ಚಂದ ಐತಿ! ಯಾರದವ್ವಾ ಇದು? ಪಾಪ, ಕಳಕೊಂಡಾಕಿ ಎಷ್ಟ ಅಳಾಕತ್ತಾಳೋ ಏನೋ. ಲಗೂನ ಕೊಟ್ಟ ಬರ್ರಿ."

ಸಿದ್ದವ್ವನ ಬೈಗುಳ ಬಾಯಲ್ಲೇ ಉಳಿಯಿತು. ನನಗೆ ಅಳು ತಡೆಯಲಾಗಲಿಲ್ಲ. ಅಷ್ಟು ದಿನ ಮುದುಕಿಯನ್ನು ಆಡಿಕೊಂಡು ನಕ್ಕವರಲ್ಲಿ ನಾನೂ ಒಬ್ಬಳು.

ಸರವನ್ನು ಇಲಿ ಎಳೆದೊಯ್ದಿತ್ತು ಎಂದು ಖಾತುನಬಿ ಹಿರಿಯರಿಗೆ ಹೇಳಿದಳು. ಪೊಲೀಸ್ ಖಾತುನಬಿ ಇಲಿ ಹಿಡಿದಳಂತೆ ಎಂದು ಊರು ನಕ್ಕಿತು. ಅವಳು ಮುಂದಿನ ಮನೆಯ ಕಟ್ಟೆಯ ಮೇಲೆ ಕೂತು ಸೂಜಿಗೆ ದಾರ ಪೋಣಿಸಿದಳು.

ಮರುದಿನ ಗೋಡೆಯಾಚೆ ಮತ್ತೆ ಅಳು ಕೇಳಿ ಓಡಿಹೋದೆ. ಸರ ಮುದುಕಿಯ ಕೊರಳಲ್ಲೇ ಇತ್ತು. ಹುಚ್ಚವ್ವ ಮಾತ್ರ, "ನಮ್ಮವ್ವ ಕೊಟ್ಟ ಸರ ಕಳದೈತಿ" ಎಂದು ಗೋಳಾಡುತ್ತಿದ್ದಳು. ಸಿದ್ದವ್ವ ಕೂಸನ್ನು ಬಗಲಿಗೆ ಏರಿಸಿಕೊಂಡು, ಅತ್ತೆಯ ಕೈ ಹಿಡಿದಳು.

"ನಡೀರಿ ಅತ್ತಿ, ಇಬ್ಬರೂ ಕೂಡಿ ಹುಡುಕೂಣು."